ಜ್ವರ ಬಿಟ್ಟರೆ ಸಾಕೇ?



ನಮಗೆಲ್ಲ ಬಾಯಿಪಾಠ ಬರುವ ಇಂಗ್ಲಿಷ್ ವಾಕ್ಯ ಯಾವುದು? ರಜಾ ಅರ್ಜಿಯದು. ‘ಐ ಆಮ್ ಸಫರಿಂಗ್ ಫ್ರಮ್ ಫೀವರ್.’ ಅಂದರೆ, ನಾನು ಜ್ವರದಿಂದ ನರಳುತ್ತಿದ್ದೇನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಬಿಡ್ತೀವಿ. ಆದರೆ ಜ್ವರ ಬಿಟ್ಟು, ಸುಸ್ತು ಬಿಡದೇ ಇದ್ದಾಗ ಏನಂತ ಬರೆಯಬೇಕು? ಅದಕ್ಕೆ ‘ರಿಕೂಪರೇಟ್’ ಎಂಬ ಕ್ರಿಯಾಪದ ಇದೆ. ಅದನ್ನು ನಾವು ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ರಿಕೂಪರೇಟ್ ಎಂದರೆ ಚೇತರಿಸಿಕೊಳ್ಳುವುದು, ಹೋದ ಶಕ್ತಿಯನ್ನು ಮರಳಿ ಪಡೆಯುವುದು. ಇದು ಲ್ಯಾಟಿನ್ ಭಾಷೆಯಿಂದ ಬಂದ ಪದ. ನಮಗೆ ಗೊತ್ತಿರುವ ‘ರಿಕವರ್’ ಕೂಡ ಅದೇ ಮೂಲದಿಂದ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿದೆ. ಇವೆರಡೂ ಅಕ್ಕ ತಂಗಿ ಇದ್ದ ಹಾಗೆ. ಆದರೆ ಕಳವಾದ ಸೈಕಲ್ ಸಿಕ್ಕಿದರೂ, ಸಾಲ ವಸೂಲಾದರೂ ರಿಕವರ್ ಅಂತಾರೆ. ರಿಕೂಪರೇಟ್ ಹೆಚ್ಚಾಗಿ ಕಾಯಿಲೆಯಿಂದ ಎದ್ದವರಿಗೆ.

ಬಳಸುವುದು ಹೀಗೆ: ‘ಶೀ ಈಸ್ ರಿಕೂಪರೇಟಿಂಗ್ ಫ್ರಮ್ ಟೈಫಾಯ್ಡ್.’ ಕನ್ನಡದಲ್ಲಿ ‘ಇಂದ’ ಕಾಯಿಲೆಯ ಹೆಸರಿನ ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ‘ಫ್ರಮ್’ ಹೆಸರಿಗಿಂತ ಮುಂಚೆ ಬರುತ್ತದೆ. ಡಾಕ್ಟರು ರೋಗಿಯನ್ನು ‘ಕ್ಯೂರ್’ ಮಾಡುತ್ತಾರೆ. ಗಾಯ ‘ಹೀಲ್’ ಆಗುತ್ತದೆ, ಅಂದರೆ ಮಾಯುತ್ತದೆ. ಆದರೆ ಡಾಕ್ಟರು ರೋಗಿಯನ್ನು ರಿಕೂಪರೇಟ್ ಮಾಡಿದರು ಅಂತ ಹೇಳೋಕಾಗಲ್ಲ. ಅದು ರೋಗಿಯ ಮೈಯೇ ಮಾಡಬೇಕಾದ ಕೆಲಸ. ನಮ್ಮ ‘ಚೇತರಿಸಿಕೊಳ್ಳು’ ಪದದಲ್ಲೂ ‘ಕೊಳ್ಳು’ ಇದೆಯಲ್ಲ! ಆ ಕೆಲಸಕ್ಕೆ ಊಟ ಬೇಕು, ನಿದ್ದೆ ಬೇಕು, ಕೆಲವು ದಿನ ಬೇಕು.

ಜ್ವರ ಬಿಡೋದು ಬೇರೆ, ಚೇತರಿಸಿಕೊಳ್ಳೋದು ಬೇರೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ನಾವು ಹುಟ್ಟಿರಲಿಲ್ಲ. ದೊಡ್ಡವರನ್ನು ಕೇಳಿ ನೋಡಿ. ಆ ಜ್ವರ ವಾರದೊಳಗೆ ಬಿಡುತ್ತದೆ, ಕೀಲುನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಡೆಂಗ್ಯೂನಲ್ಲಂತೂ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯ. ಆಗ ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ‘ಜ್ವರ ಬಿಡ್ತಲ್ಲ, ಹುಷಾರಾದ’ ಅಂತ ಸುಮ್ಮನಿರಬಾರದು.

ಆದರೆ ನಮ್ಮಲ್ಲಿ ಏನಾಗುತ್ತಿದೆ? ನಿನ್ನೆ ಜ್ವರ ಬಿಟ್ಟವರು ಇವತ್ತು ಸ್ಕೂಲಿಗೆ ಬಂದು ಬ್ಯಾಗಿನ ಮೇಲೆ ತಲೆ ಇಟ್ಟು ಮಲಗ್ತಾರೆ. ಅಮ್ಮಂದಿರು ಮಾರನೇ ದಿನವೇ ಬಟ್ಟೆ ಒಗೀತಾರೆ, ಕೂಲಿಗೆ ಹೋಗ್ತಾರೆ. ಕೂಲಿ ಬಿಟ್ಟರೆ ಆ ದಿನದ ದುಡ್ಡು ಬರಲ್ಲ, ಅದು ನನಗೂ ಗೊತ್ತು. ಆದರೆ ಮತ್ತೆ ಹಾಸಿಗೆ ಹಿಡಿದರೆ ಇನ್ನೂ ಹೆಚ್ಚು ದಿನದ ಕೂಲಿ ಹೋಗುತ್ತದಲ್ಲವೇ?

ಚೇತರಿಕೆ ಎಂದರೇನು ಅಂತ ನಮ್ಮ ಊರಿಗೆ ಗೊತ್ತಿಲ್ಲ ಅಂತಲ್ಲ. ಬಾಣಂತಿಗೆ ‘ಎದ್ದು ನೀರು ಸೇದು’ ಅಂತ ಯಾರೂ ಹೇಳಲ್ಲ. ಬಿಸಿನೀರು ಹಾಕಿ, ಮೆಣಸಿನ ಸಾರು ಕೊಟ್ಟು ಮಲಗಿಸ್ತಾರೆ. ಜ್ವರದಿಂದ ಎದ್ದವರಿಗೂ ಅದರಲ್ಲಿ ಸ್ವಲ್ಪ ಆರೈಕೆ ಸಿಗಬೇಕು.

ಅದಕ್ಕೇ ಗುರುಗಳಲ್ಲಿ ನನ್ನದೊಂದು ವಿನಂತಿ. ರಜಾ ಅರ್ಜಿಯಲ್ಲಿ ‘ಐ ಆಮ್ ರಿಕೂಪರೇಟಿಂಗ್ ಫ್ರಮ್ ಫೀವರ್’ ಎಂಬ ವಾಕ್ಯವನ್ನೂ ನಮಗೆ ಕಲಿಸಿ, ಆ ಕಾರಣಕ್ಕೂ ಎರಡು ದಿನ ರಜೆ ಕೊಡಿ. ಸುಸ್ತಾಗಿ ಬಂದವರನ್ನು ಆಟದ ಪೀರಿಯಡ್‌ನಲ್ಲಿ ಓಡಿಸಬೇಡಿ. ಮಕ್ಕಳು ಇದನ್ನೇ ನೆಪ ಮಾಡಿಕೊಳ್ತಾರೆ ಅಂತ ಕೆಲವರು ಹೇಳಬಹುದು. ಸುಳ್ಳು ಹೇಳುವವರು ಈಗಲೂ ‘ಸಫರಿಂಗ್ ಫ್ರಮ್ ಫೀವರ್’ ಅಂತ ಬರೀತಾನೇ ಇದ್ದಾರಲ್ಲ! ಅವರಿಗಾಗಿ ನಿಜವಾಗಿ ಸುಸ್ತಾದವರಿಗೆ ಶಿಕ್ಷೆ ಆಗಬಾರದು. ಗೆಳೆಯರೇ, ಮನೆಯಲ್ಲಿರುವವರ ನೋಟ್ಸನ್ನು ನಾವು ಬರೆದುಕೊಡೋಣ.

ಆರೋಗ್ಯವೇ ಭಾಗ್ಯ ಅಂತ ನಮ್ಮ ಗೋಡೆ ಮೇಲೇ ಬರೆದಿದೆ. ಆ ಭಾಗ್ಯ ವಾಪಸ್ ಬರೋದಕ್ಕೆ ಎರಡು ದಿನ ಕೊಡೋಣ. ನಿಮ್ಮ ಅಭಿಪ್ರಾಯವನ್ನೂ ಮುಂದಿನ ಸಂಚಿಕೆಗೆ ಬರೆದು ಕೊಡಿ.

– 7ನೇ ತರಗತಿಯ ವಿದ್ಯಾರ್ಥಿನಿ