ಸಲಹೆ ಕೊಡುವ ಮೊದಲು ಕೇಳಲು ಕಲಿಯೋಣ

ನಮ್ಮ ಪಿಯು ಕಾಲೇಜುಗಳಲ್ಲಿ ‘ಕೌನ್ಸೆಲಿಂಗ್’ ಎಂಬ ಪದಕ್ಕೆ ಇರುವುದು ಎರಡೇ ಅರ್ಥ. ಒಂದು, ಸಿಇಟಿ ರ‍್ಯಾಂಕ್ ಬಂದ ಮೇಲೆ ಸೀಟಿಗಾಗಿ ಆಪ್ಶನ್ ಎಂಟ್ರಿ ಮಾಡುವುದು. ಇನ್ನೊಂದು, ಹಾಜರಾತಿ ಕಡಿಮೆಯಾದಾಗ ಅಥವಾ ಬ್ಯಾಗಿನಲ್ಲಿ ಮೊಬೈಲ್ ಸಿಕ್ಕಿದಾಗ ಮನೆಯವರ ಜೊತೆ ಆಫೀಸಿನಲ್ಲಿ ತಲೆ ತಗ್ಗಿಸಿ ನಿಲ್ಲುವುದು. ಹಾಗಾಗಿ “ಅವಳಿಗೆ ಕೌನ್ಸೆಲಿಂಗ್ ಮಾಡಿದರಂತೆ” ಎಂದು ಯಾರಾದರೂ ಹೇಳಿದರೆ, ಅವಳೇನೋ ತಪ್ಪು ಮಾಡಿದ್ದಾಳೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಕ್ಯಾಂಟೀನಿಗೆ ತಲುಪುತ್ತದೆ.

ಈ ಕಾಲೇಜಿನಲ್ಲಿ ಕಾಮರ್ಸ್ ಮುಗಿಸಿ ನಾನೀಗ ಮಂಗಳೂರಿನಲ್ಲಿ ಬಿಎಸ್‌ಡಬ್ಲ್ಯು ಕೊನೆಯ ವರ್ಷದಲ್ಲಿದ್ದೇನೆ. ಸಂಬಂಧಿಕರ ಮದುವೆಗೆ ಹೋದಲ್ಲೆಲ್ಲ “ಅದನ್ನು ಓದಿದರೆ ಎಂತ ಕೆಲಸ ಸಿಗ್ತದೆ?” ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ಉತ್ತರವನ್ನು ಇನ್ನೊಮ್ಮೆ ಬರೆಯುತ್ತೇನೆ. ಇಂದು ಹೇಳಬೇಕಾದದ್ದು ಬೇರೆ. ಈ ಮೂರು ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಮೂರು ಸಣ್ಣ ಕೌಶಲಗಳು: ಕೇಳುವುದು, ನೋಯಿಸದೆ ನೇರವಾಗಿ ಮಾತಾಡುವುದು, ಜಗಳವನ್ನು ಬಿಡಿಸುವುದು. ಸಮಾಜಕಾರ್ಯ ಅಥವಾ ಮನಃಶಾಸ್ತ್ರ ಆರಿಸಿಕೊಂಡವರಿಗೆ ಮಾತ್ರ ಇವನ್ನು ಕಲಿಸಿ ಉಳಿದವರನ್ನು ಬಿಟ್ಟುಬಿಡುವುದು ಸರಿಯಲ್ಲ. ಡಾಕ್ಟರ್ ಆಗುವವರಿಗೆ, ಸಿಎ ಆಗುವವರಿಗೆ, ಗಲ್ಫಿಗೆ ಹೋಗುವವರಿಗೆ, ಮನೆ ನಡೆಸುವವರಿಗೆ, ಎಲ್ಲರಿಗೂ ಇವು ಬೇಕು. ಇವನ್ನು ಪಿಯುಸಿಯಲ್ಲೇ ಶುರು ಮಾಡಬಹುದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮೊದಲ ಅಭ್ಯಾಸವನ್ನು ವಿವರಿಸುತ್ತೇನೆ. ಮೂವರು ಕೂರಬೇಕು. ಒಬ್ಬರು ತಮಗೆ ನಿಜವಾಗಿ ಕಾಡುತ್ತಿರುವ ಒಂದು ವಿಷಯ ಹೇಳಬೇಕು, ಇನ್ನೊಬ್ಬರು ಕೇಳಬೇಕು, ಮೂರನೆಯವರು ಸುಮ್ಮನೆ ಗಮನಿಸಬೇಕು. ಸಮಯ ಐದು ನಿಮಿಷ. ಕೇಳುವವರಿಗೆ ಒಂದೇ ನಿಯಮ: ಸಲಹೆ ಕೊಡಬಾರದು, ತಮ್ಮ ಕತೆ ಹೇಳಬಾರದು. ಸುಲಭ ಅನಿಸುತ್ತದೆ, ಅಲ್ಲವೇ? ತರಗತಿಯಲ್ಲಿ ಹೆಚ್ಚಿನವರು ಎರಡನೇ ನಿಮಿಷಕ್ಕೇ “ನೀನು ಹೀಗೆ ಮಾಡು” ಎಂದು ಶುರು ಮಾಡಿದ್ದರು. ನಾವು ಕೆಟ್ಟವರೆಂದಲ್ಲ. ಎದುರಿನವರ ಸಂಕಟ ನಮಗೆ ಕಸಿವಿಸಿ ತರುತ್ತದೆ. ಆ ಕಸಿವಿಸಿಯಿಂದ ಬೇಗ ಹೊರಬರಲು ನಾವು ಸಲಹೆ ಕೊಟ್ಟು ಮಾತು ಮುಗಿಸುತ್ತೇವೆ.

ಹಾಸ್ಟೆಲಿನಲ್ಲಿ ಒಬ್ಬಳು ಗೆಳತಿ ಹೇಳುತ್ತಾಳೆ ಎಂದಿಟ್ಟುಕೊಳ್ಳಿ: “ಈ ಸಲ ಫಿಸಿಕ್ಸ್ ಹೋಗ್ತದೆ. ಮನೆಗೆ ಹೇಗೆ ಮುಖ ತೋರಿಸುವುದು ಗೊತ್ತಿಲ್ಲ.” ನಮ್ಮ ಬಾಯಿಗೆ ತಕ್ಷಣ ಬರುವ ಉತ್ತರಗಳು ಇವು. “ಎಂತ ಆಗುದಿಲ್ಲ ಮಾರಾಯ್ತಿ, ಸುಮ್ಮನೆ ಮಂಡೆಬಿಸಿ ಮಾಡಬೇಡ.” “ನನ್ನ ಅಣ್ಣನೂ ಫೇಲಾಗಿದ್ದ, ಈಗ ನೋಡು ಹೇಗಿದ್ದಾನೆ.” “ಸಬ್ರ್ ಮಾಡು, ದುಆ ಮಾಡು.” ಮೂರೂ ಪ್ರೀತಿಯಿಂದಲೇ ಬಂದ ಮಾತುಗಳು. ಸಬ್ರ್ ಮತ್ತು ದುಆದ ಬೆಲೆ ನಮಗೆಲ್ಲ ಗೊತ್ತು. ಆದರೆ ಅವಳು ಬಾಯಿ ತೆರೆದ ಅರ್ಧ ನಿಮಿಷದಲ್ಲೇ ಇವುಗಳಲ್ಲಿ ಯಾವುದನ್ನು ಹೇಳಿದರೂ ಅವಳಿಗೆ ಕೇಳಿಸುವುದು ಒಂದೇ: ‘ಸಾಕು, ನಿಲ್ಲಿಸು.’ ಇನ್ನೊಮ್ಮೆ ಅವಳು ಹೇಳಲಿಕ್ಕಿಲ್ಲ. ಅದರ ಬದಲು “ಮನೆಯಲ್ಲಿ ಯಾರನ್ನು ನೆನೆಸಿದರೆ ಹೆಚ್ಚು ಹೆದರಿಕೆ ಆಗ್ತದೆ?” ಎಂದು ಕೇಳಿ ಸುಮ್ಮನಿದ್ದರೆ, ಫಿಸಿಕ್ಸಿನ ಹಿಂದೆ ಇರುವ ನಿಜವಾದ ವಿಷಯ ಹೊರಬರಬಹುದು. ತಂದೆ ಸಾಲ ಮಾಡಿ ಕೋಚಿಂಗಿಗೆ ಫೀಸು ಕಟ್ಟಿದ್ದಿರಬಹುದು. ಫೇಲಾದರೆ ಓದು ನಿಲ್ಲಿಸಿ ಮದುವೆ ಎಂಬ ಮಾತು ಮನೆಯಲ್ಲಿ ಬಂದಿರಬಹುದು.

ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಪ್ರಕಟಿಸಿದ ಲೇಖನವೊಂದನ್ನು ಆಪ್ತಸಮಾಲೋಚನೆ ಕಲಿಯುವವರು ಇಂದಿಗೂ ಓದುತ್ತಾರೆ. ಸಹಾಯ ಮಾಡುವವರಲ್ಲಿ ಅವರು ಮುಖ್ಯವಾಗಿ ನೋಡಿದ್ದು ಮೂರು ಗುಣಗಳನ್ನು: ಎದುರಿನವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ಷರತ್ತಿಲ್ಲದೆ ಅವರನ್ನು ಗೌರವಿಸುವುದು, ತೋರಿಕೆ ಇಲ್ಲದೆ ಇರುವುದು. ಕೇಳಲು ಇವು ಗುಣಗಳಂತಿದ್ದರೂ ಇವನ್ನು ಅಭ್ಯಾಸದಿಂದ ಬೆಳೆಸಬಹುದು. ಹೇಳಿದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿ ‘ಹೀಗೆಯೇ ಅಲ್ಲವೇ?’ ಎಂದು ಕೇಳುವುದು, ಹೌದು-ಅಲ್ಲ ಎಂದು ಮುಗಿಯದ ಪ್ರಶ್ನೆ ಕೇಳುವುದು, ಮೌನಕ್ಕೆ ಹೆದರದೆ ಕಾಯುವುದು, ಕೊನೆಯಲ್ಲಿ ಎಲ್ಲವನ್ನೂ ಎರಡು ವಾಕ್ಯದಲ್ಲಿ ಒಟ್ಟು ಮಾಡುವುದು. ಇವಿಷ್ಟೇ ಮೊದಲ ಸೆಮಿಸ್ಟರಿನ ಪಾಠ. ಸೈಕಲ್ ಕಲಿತಂತೆ ಮಾಡಿಯೇ ಕಲಿಯಬೇಕು. ನೋಟ್ಸ್ ಬರೆದುಕೊಂಡರೆ ಬರುವುದಿಲ್ಲ.

ಇನ್ನು ಜಗಳದ ವಿಷಯ. ವರ್ಷದಲ್ಲಿ ಎಷ್ಟು ಗೆಳೆತನಗಳು ವಾಟ್ಸಾಪ್ ಗ್ರೂಪಿನ ಒಂದು ಸ್ಕ್ರೀನ್‌ಶಾಟ್‌ನಿಂದ ಮುರಿಯುತ್ತವೆ ಎಂಬುದು ಕ್ಲಾಸ್ ಲೀಡರುಗಳಿಗೆ ಗೊತ್ತು. ಇಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಎರಡು: ಮುಖ ತಿರುಗಿಸಿ ತಿಂಗಳುಗಟ್ಟಲೆ ಮಾತು ಬಿಡುತ್ತೇವೆ, ಇಲ್ಲವೇ “ನೀನು ಯಾವಾಗಲೂ ಹೀಗೆಯೇ” ಎಂದು ಹಳೆಯ ಲೆಕ್ಕವನ್ನೆಲ್ಲ ತೆಗೆಯುತ್ತೇವೆ. ‘ನೀನು’ ಎಂದು ಶುರುವಾದ ಮಾತು ಎದುರಿನವರಿಗೆ ಏಟಿನಂತೆ ಬೀಳುತ್ತದೆ. ಅದನ್ನೇ “ನಿನ್ನೆ ಗ್ರೂಪಿನಲ್ಲಿ ನನ್ನ ಫೋಟೊ ನೋಡಿ ನನಗೆ ತುಂಬ ಬೇಜಾರಾಯಿತು. ಇನ್ನು ಹಾಕುವ ಮೊದಲು ನನ್ನನ್ನು ಕೇಳಬೇಕು” ಎಂದು ಹೇಳಬಹುದು. ಏನಾಯಿತು, ನನಗೆ ಹೇಗಾಯಿತು, ಏನು ಬೇಕು, ಈ ಮೂರೇ ಅದರಲ್ಲಿವೆ. ಇದರಲ್ಲಿ ತಗ್ಗುವಿಕೆ ಇಲ್ಲ, ಬೈಗುಳವೂ ಇಲ್ಲ.

ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ ‘ಗೆಟಿಂಗ್ ಟು ಯೆಸ್’ ಎಂಬ ಪುಸ್ತಕ ಸಂಧಾನದ ಪಾಠಗಳಲ್ಲಿ ಪ್ರಸಿದ್ಧ. ಜಗಳದಲ್ಲಿ ಬಾಯಲ್ಲಿ ಬರುವ ಬೇಡಿಕೆ ಬೇರೆ, ಅದರ ಹಿಂದಿನ ಅಗತ್ಯ ಬೇರೆ ಎಂಬುದು ಅದರ ಮುಖ್ಯ ವಿಚಾರ. ಇದನ್ನು ತರಗತಿಯಲ್ಲಿ ಕೇಳಿದಾಗ ನನಗೆ ನೆನಪಾದದ್ದು ನಾವೆಲ್ಲ ಮದ್ರಸದಲ್ಲಿ ಕಲಿತ ಒಂದು ಘಟನೆ. ಕಅಬಾದ ಪುನರ್ನಿರ್ಮಾಣದ ಸಮಯದಲ್ಲಿ ಹಜರುಲ್ ಅಸ್ವದನ್ನು ಅದರ ಜಾಗದಲ್ಲಿ ಯಾರು ಇಡಬೇಕೆಂದು ಖುರೈಶ್ ಗೋತ್ರಗಳು ಕತ್ತಿ ಹಿರಿಯುವ ಹಂತಕ್ಕೆ ಬಂದಿದ್ದವು. ಆಗ 35ರ ಪ್ರಾಯದವರಾಗಿದ್ದ, ಇನ್ನೂ ಪ್ರವಾದಿತ್ವ ಲಭಿಸದಿದ್ದ ಮುಹಮ್ಮದ್(ಸ)ರು ಬಟ್ಟೆಯೊಂದನ್ನು ಹಾಸಿ, ಕಲ್ಲನ್ನು ಅದರ ಮೇಲಿಟ್ಟು, ಗೋತ್ರಗಳ ನಾಯಕರು ಅದರ ಅಂಚು ಹಿಡಿದು ಎತ್ತುವಂತೆ ಮಾಡಿದರು. ಎಲ್ಲರೂ ಕೇಳುತ್ತಿದ್ದದ್ದು ಕಲ್ಲನ್ನು. ಎಲ್ಲರಿಗೂ ಬೇಕಿದ್ದದ್ದು ಗೌರವ. ಕಲ್ಲು ಒಂದೇ ಇತ್ತು, ಆದರೆ ಗೌರವವನ್ನು ಹಂಚಲು ದಾರಿಯಿತ್ತು. ಈ ಘಟನೆಯನ್ನು ನಾವು ಭಾಷಣ ಸ್ಪರ್ಧೆಯಲ್ಲಿ ಚೆನ್ನಾಗಿ ಹೇಳುತ್ತೇವೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಯಾರು ನಿರೂಪಣೆ ಮಾಡಬೇಕೆಂದು ಎರಡು ಸೆಕ್ಷನ್‌ಗಳು ಕಚ್ಚಾಡುವಾಗ ಮಾತ್ರ ಬಟ್ಟೆ ಹಾಸುವವರು ಇರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ಸಮಯವಿಲ್ಲ. ಪಿಸಿಎಂಬಿಯವರಿಗೆ ಲ್ಯಾಬ್, ಕೋಚಿಂಗ್, ನೀಟ್. ನಿಜ. ಆದರೆ ಮನಸ್ಸು ಕದಡಿದವರು ಪುಸ್ತಕದ ಮುಂದೆ ಕೂತು ಕಳೆಯುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಎನ್‌ಸಿಆರ್‌ಬಿ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಬೆಂಚಿತ್ತು, ಒಬ್ಬ ಸಹಪಾಠಿ ಇದ್ದ. ಕೇಳಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಅಂಥ ಮಾತು ಆ ಸಹಪಾಠಿಗಳಿಗೆ ಮಾಡುವ ಅನ್ಯಾಯ. ಕೇಳುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಕ್ಕಿಲ್ಲ ಎಂದಷ್ಟೇ ಹೇಳುತ್ತೇನೆ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಅರೆಬರೆ ಕಲಿತವರು ಕೌನ್ಸೆಲರ್ ಆಗಲು ಹೊರಟರೆ ಅಪಾಯವಲ್ಲವೇ? ಅಪಾಯವೇ. ಅದಕ್ಕಾಗಿಯೇ ಸರಿಯಾದ ತರಬೇತಿ ಮಿತಿಯ ಪಾಠದಿಂದ ಶುರುವಾಗುತ್ತದೆ. ಗೆಳೆಯ ಹೇಳಿದ್ದನ್ನು ಗುಟ್ಟಾಗಿಡಬೇಕು. ಆದರೆ ಅವನ ಜೀವಕ್ಕೆ ಅಪಾಯವಿದೆ ಅಥವಾ ಅವನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಗೊತ್ತಾದರೆ ಆ ಗುಟ್ಟನ್ನು ಒಬ್ಬರೇ ಹೊರಬಾರದು. ನಂಬಿಕೆಯ ಉಪನ್ಯಾಸಕರಿಗೆ ಅದೇ ದಿನ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಕಾಯಿಲೆಗೆ ವೈದ್ಯರೇ ಬೇಕು. ನಮ್ಮ ಕೆಲಸ ಅಲ್ಲಿಯವರೆಗೆ ಜೊತೆಗಿರುವುದು.

ಸಾಮಾನ್ಯರಿಗೆ ಇದನ್ನು ಕಲಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಜಿಂಬಾಬ್ವೆಯಲ್ಲಿ ಒಳ್ಳೆಯ ಉದಾಹರಣೆ ಇದೆ. ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಅಲ್ಲಿ ‘ಫ್ರೆಂಡ್‌ಶಿಪ್ ಬೆಂಚ್’ ಎಂಬ ಕೆಲಸ ಶುರು ಮಾಡಿದರು. ಊರಿನ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನಲ್ಲಿ ಕೂರಿಸಿದರು. ರಾಜಧಾನಿ ಹರಾರೆಯಲ್ಲಿ 573 ಜನರ ಮೇಲೆ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿನಲ್ಲಿ ಕೂತು ಮಾತಾಡಿದವರ ತೊಂದರೆ ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆ ಅಜ್ಜಿಯಂದಿರು ಬಳಸಿದ್ದು ‘ಡಿಪ್ರೆಶನ್’ ಎಂಬ ಪದವನ್ನಲ್ಲ. ‘ಅತಿಯಾಗಿ ಯೋಚಿಸುವುದು’ ಎಂಬ ಅರ್ಥದ ಶೋನಾ ಭಾಷೆಯ ‘ಕುಫುಂಗಿಸಿಸ’ ಎಂಬ ಪದವನ್ನು. ಅದನ್ನು ಓದಿದಾಗ ನಮ್ಮ ಊರಿನ ‘ಮಂಡೆಬಿಸಿ’ ನೆನಪಾಯಿತು. ನಮ್ಮ ಉಮ್ಮಂದಿರಿಗೆ ಖಿನ್ನತೆ ಎಂದರೆ ಅರ್ಥವಾಗದಿರಬಹುದು. “ಎಂತ ಮಂಡೆಬಿಸಿ?” ಎಂದು ಕೇಳಿದರೆ ಅವರೂ ಮಾತಾಡುತ್ತಾರೆ.

ಆಡಳಿತ ಮಂಡಳಿ ಮತ್ತು ಉಪನ್ಯಾಸಕರಿಗೂ ಒಂದು ವಿನಂತಿ. 2025ರ ಜುಲೈ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಕನಿಷ್ಠ ಒಬ್ಬ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಬೇಕೆಂದು ಹೇಳಿದೆ. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಬಾರಿ ತರಬೇತಿ ಕಡ್ಡಾಯ ಮಾಡಿದೆ. ಇದು ಕಡತದಲ್ಲಿ ಟಿಕ್ ಹಾಕಿ ಮುಗಿಸುವ ಕೆಲಸವಾಗಬಾರದು. ಕೌನ್ಸೆಲರ್ ಕೂರುವ ಕೋಣೆ ಆಫೀಸಿನ ಎದುರಿಗೆ, ಎಲ್ಲರೂ ನೋಡುವಲ್ಲಿ ಇದ್ದರೆ ಯಾರೂ ಒಳಗೆ ಹೋಗುವುದಿಲ್ಲ. ಲೈಬ್ರರಿಯ ಪಕ್ಕದ ಒಂದು ಸಣ್ಣ ಕೋಣೆ ಸಾಕು. ಶಿಸ್ತು ಕ್ರಮ ಕೈಗೊಳ್ಳುವವರೇ ಕೌನ್ಸೆಲಿಂಗನ್ನೂ ಮಾಡುವುದು ಬೇಡ. ಹುಡುಗರನ್ನೂ ಮರೆಯಬೇಡಿ. ‘ಗಂಡಸು ಅಳಬಾರದು’ ಎಂದು ಕೇಳಿ ಬೆಳೆದ ಅವರು ಸುಲಭದಲ್ಲಿ ಬಂದು ಬಾಗಿಲು ತಟ್ಟುವುದಿಲ್ಲ.

ನೇಮಕವಾಗುವವರೆಗೆ ಕಾಯಬೇಕಿಲ್ಲ. ಪ್ರಥಮ ಪಿಯುಸಿಯವರಿಗೆ ವಾರಕ್ಕೆ ಒಂದು ಪೀರಿಯಡ್, ಎಂಟು ವಾರ, ಮೂವರ ಗುಂಪಿನ ಅಭ್ಯಾಸ. ಪ್ರತಿ ತರಗತಿಯ ಲೀಡರ್ ಮತ್ತು ಇನ್ನಿಬ್ಬರಿಗೆ ಜಗಳ ಬಿಡಿಸುವ ಹೆಚ್ಚಿನ ತರಬೇತಿ. ಯಾವ ವಿಷಯವನ್ನು ಯಾರಿಗೆ ದಾಟಿಸಬೇಕು ಎಂದು ಬರೆದ ಒಂದು ಕಾಗದ, ಮೇಲೆ ಹೇಳಿದ ಎರಡು ನಂಬರುಗಳ ಸಮೇತ, ನೋಟಿಸ್ ಬೋರ್ಡಿನಲ್ಲಿ. ಇಷ್ಟರಿಂದ ಶುರುವಾಗಲಿ. ಸೆಮಿಸ್ಟರ್ ರಜೆಯಲ್ಲಿ ಕಾಲೇಜು ಒಪ್ಪಿದರೆ ನಾನೂ ನನ್ನ ಇಬ್ಬರು ಸಹಪಾಠಿಗಳೂ ಬಂದು ಮೊದಲ ಎರಡು ತರಗತಿ ಮಾಡಿಸಲು ಸಿದ್ಧ. ನಮಗೆ ಬೇಕಾದದ್ದು ವೃತ್ತವಾಗಿ ಇಟ್ಟ ಕುರ್ಚಿಗಳು ಮತ್ತು ಮೊಬೈಲ್ ಬದಿಗಿಟ್ಟು ಕೂರುವ ವಿದ್ಯಾರ್ಥಿಗಳು, ಇಷ್ಟೇ.