ಉಪವಾಸ ಇಗರ್ಜಿಯಲ್ಲಿ, ಉದ್ರಿ ಅಂಗಡಿಯಲ್ಲಿ

ಕೆಥೋಲಿಕರ ವರ್ಷ ಜನವರಿ ಒಂದಕ್ಕೆ ಶುರುವಾಗುವುದಿಲ್ಲ. ಕ್ರಿಸ್ಮಸ್ಸಿನಿಂದ ನಾಲ್ಕು ಭಾನುವಾರ ಹಿಂದಕ್ಕೆ ಎಣಿಸಿದರೆ ಸಿಗುವ ಆಗಮನ ಕಾಲದ ಮೊದಲ ಭಾನುವಾರವೇ ಅವರ ಹೊಸ ವರ್ಷ. ಮಂಗಳೂರಿನ ಅಂಗಡಿಯವರಿಗೆ ಇದನ್ನು ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ. ಮೈದಾ, ಸಕ್ಕರೆ, ಎಣ್ಣೆ, ತೆಂಗಿನಕಾಯಿ ಒಮ್ಮೆಲೇ ಖಾಲಿಯಾಗತೊಡಗಿತು ಎಂದರೆ ಆಗಮನ ಕಾಲ. ಶುಕ್ರವಾರ ಮಾಂಸದಂಗಡಿಯ ಮುಂದೆ ಜನ ಕಡಿಮೆ ಎಂದರೆ ತಪಸ್ಸು ಕಾಲ. ಸೆಪ್ಟೆಂಬರ್ ಮೊದಲ ವಾರ ಹೂವು, ಕಬ್ಬು, ಬೆಂಡೆ, ಹರಿವೆ ದಂಟಿಗೆ ರೇಟು ಏರಿತು ಎಂದರೆ ಮೊಂತಿ ಹಬ್ಬ. ಪಂಚಾಂಗ ಬೇಡ, ತಕ್ಕಡಿ ನೋಡಿದರೆ ಸಾಕು.

ಇಗರ್ಜಿಯ ಒಳಗೆ ಈ ಕಾಲಗಳನ್ನು ಹೇಳುವುದು ಪಾದ್ರಿಗಳ ಪೂಜಾವಸ್ತ್ರದ ಬಣ್ಣ. ಆಗಮನ ಕಾಲಕ್ಕೂ ತಪಸ್ಸು ಕಾಲಕ್ಕೂ ನೇರಳೆ, ಕ್ರಿಸ್ಮಸ್ಸು ಮತ್ತು ಈಸ್ಟರಿಗೆ ಬಿಳಿ, ಗುಡ್ ಫ್ರೈಡೇಗೆ ಕೆಂಪು. ಉಳಿದ 33 ಅಥವಾ 34 ವಾರ ಹಸಿರು. ಅದಕ್ಕೆ ಹೆಸರೇ ಸಾಮಾನ್ಯ ಕಾಲ. ಹಬ್ಬವೂ ಇಲ್ಲ, ಉಪವಾಸವೂ ಇಲ್ಲ ಎಂಬಂಥ ಸಾದಾ ದಿನಗಳು. ವರ್ಷದ ಬಹುಪಾಲು ಇದೇ. ಇಗರ್ಜಿಯಲ್ಲಿ ಕೇಳಿದ್ದು ಪೇಟೆಯಲ್ಲಿ ನಡೆಯುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದೂ ಈ ಹಸಿರು ದಿನಗಳಲ್ಲೇ.

ತಕ್ಕಡಿಗೆ ಗೊತ್ತಾಗುವ ಈ ಧರ್ಮ ಲೆಕ್ಕದ ಪುಸ್ತಕದ ತನಕ ಬಂದಿದೆಯೇ? ಕೇಳಲೇಬೇಕಾದ ಪ್ರಶ್ನೆ ಇದು. ಮೂಲೆ ಅಂಗಡಿಯ ಉದ್ರಿ ಪುಸ್ತಕ ತೆರೆದು ನೋಡಿದರೆ ಉತ್ತರ ಅಷ್ಟೇನೂ ಚೆನ್ನಾಗಿಲ್ಲ.

‘ಪೊರ್ಬುಲೇ, ಕಳೆದ ತಿಂಗಳದ್ದು ಬಾಕಿ ಉಂಟು.’

‘ಹಬ್ಬ ಒಂದು ಕಳೆಯಲಿ ಮಾರಾಯ್ರೆ, ನೋಡುವ.’

ಈ ಮಾತು ಕೇಳದ ಅಂಗಡಿಯವ ಈ ಊರಲ್ಲಿ ಸಿಗುವುದು ಕಷ್ಟ. ಪೊರ್ಬುಗಳ ಬಾಯಲ್ಲಿ ಮಾತ್ರ ಅಲ್ಲ, ಚೌತಿಗೂ ದೀಪಾವಳಿಗೂ ಈದ್‌ಗೂ ಇದೇ ರಾಗ. ಹಬ್ಬದ ಬಟ್ಟೆ ದೊಡ್ಡ ಮಳಿಗೆಯಲ್ಲಿ ರೊಕ್ಕ ಕೊಟ್ಟು ಬರುತ್ತದೆ. ಹಬ್ಬದ ಅಕ್ಕಿ ಮಾತ್ರ ಮೂಲೆ ಅಂಗಡಿಯಿಂದ ಸಾಲಕ್ಕೆ ಬರುತ್ತದೆ. ದೊಡ್ಡ ಮಳಿಗೆಯವ ಉದ್ರಿ ಕೊಡುವುದಿಲ್ಲ. ಸಣ್ಣವನಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಕೈಲಾಗದೆ ಬಾಕಿ ಇಟ್ಟವರ ಮಾತು ಬೇರೆ, ಅವರನ್ನು ಯಾರೂ ಆಡಿಕೊಳ್ಳಬಾರದು. ಕೈಯಲ್ಲಿ ಇದ್ದೂ ಕೊಡದವರ ಮಾತು ಇದು. ಇದು ಎಲ್ಲ ಜಾತಿಯ ರೋಗವೇ. ಆದರೆ ವರ್ಷದಲ್ಲಿ ನಲವತ್ತು ದಿನ ಇದೇ ರೋಗಕ್ಕೆ ಮದ್ದು ಅಂತ ಇಟ್ಟುಕೊಂಡವರನ್ನು ಒಂದು ಮಾತು ಹೆಚ್ಚು ಕೇಳಬಹುದು.

ಆ ನಲವತ್ತು ದಿನದ ಕಾನೂನಾದರೂ ಎಷ್ಟು? 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುವಂತೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಗುಡ್ ಫ್ರೈಡೇ. ಅದೂ 18 ತುಂಬಿದವರಿಗೆ, 60ಕ್ಕೆ ಕಾಲಿಡದವರಿಗೆ ಮಾತ್ರ. ಒಂದು ಹೊತ್ತು ಪೂರ್ತಿ ಊಟ, ಉಳಿದ ಹೊತ್ತು ಅಲ್ಪಸ್ವಲ್ಪ. ಶುಕ್ರವಾರ ಮಾಂಸ ಬಿಡುವುದು 14 ತುಂಬಿದವರೆಲ್ಲರಿಗೂ. ಮೀನಿಗೆ ತಡೆ ಇಲ್ಲ. ಕರಾವಳಿಯಲ್ಲಿ ಇದರ ಫಲ ಏನಾಯಿತು ಎಂದು ಬಂದರು ಮಾರುಕಟ್ಟೆಯ ಮೀನಿನ ಹೆಂಗಸರನ್ನು ಕೇಳಿ. ಕೋಳಿ ಬಿಟ್ಟು ಕೋಳಿಗಿಂತ ದುಬಾರಿ ಅಂಜಲ್ ತಂದು ಹುರಿದರೂ ಕಾನೂನು ಮುರಿದಂತಲ್ಲ. ವ್ರತ ಉಳಿಯಿತು, ದುಡ್ಡು ಮಾತ್ರ ಒಂದು ಪೈಸೆ ಉಳಿಯಲಿಲ್ಲ. ಉಳಿಯದಿದ್ದ ಮೇಲೆ ಬಡವನಿಗೆ ಹೋಗುವುದು ಎಲ್ಲಿಂದ?

ಬೂದಿ ಬುಧವಾರದ ಪೂಜೆಯಲ್ಲಿ ಓದುವ ಸುವಾರ್ತೆಯೇ ಇದಕ್ಕೆ ಎಚ್ಚರಿಕೆ. ದಾನ ಮಾಡುವಾಗ ಡಂಗುರ ಹೊಡೆಯಬೇಡಿ, ಉಪವಾಸ ಇರುವಾಗ ಮುಖ ಬಾಡಿಸಿಕೊಳ್ಳಬೇಡಿ ಎಂಬುದು ಅದರ ತಾತ್ಪರ್ಯ. ಅದಾಗಿ ಎರಡೇ ದಿನಕ್ಕೆ, ಶುಕ್ರವಾರ, ಪ್ರವಾದಿ ಯೆಶಾಯನ ಪಾಠ ಬರುತ್ತದೆ. ಅದು ಇನ್ನೂ ಖಾರ. ಉಪವಾಸದ ದಿನವೂ ತಮ್ಮ ಲಾಭ ನೋಡಿಕೊಂಡು ಕೂಲಿಯಾಳುಗಳನ್ನು ಹಿಂಡುವವರನ್ನು ಪ್ರವಾದಿ ಹೆಸರಿಡದೆ ಬೈಯುತ್ತಾನೆ. ನೊಗ ಕಳಚುವುದು, ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳುವುದು, ಇದೇ ಉಪವಾಸ ಎನ್ನುತ್ತಾನೆ. ತಿಂಗಳು ತುಂಬಿ ವಾರ ಕಳೆದರೂ ಸಂಬಳ ಕೊಡದೆ ಮನೆಗೆಲಸದ ಹೆಂಗಸನ್ನು ‘ನಾಳೆ ಬಾ’ ಎಂದು ಕಳಿಸಿ, ತಾವು ಶಿಲುಬೆಯ ಹಾದಿಗೆ ಹೊರಡುವವರು ಈ ಪಾಠ ಕೇಳಿಸಿಕೊಂಡಿಲ್ಲ ಅಂತಲೇ ಲೆಕ್ಕ.

2025ರಲ್ಲಿ ಒಂದು ಯೋಗ ಕೂಡಿ ಬಂದಿತ್ತು. ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರು, ಮಾರ್ಚ್ 5ಕ್ಕೆ ಬೂದಿ ಬುಧವಾರ. ಸ್ಟೇಟ್ ಬ್ಯಾಂಕಿನಿಂದ ಹೊರಡುವ ಸಿಟಿ ಬಸ್ಸಿನ ಒಂದೇ ಸೀಟಿನಲ್ಲಿ ಹಣೆಗೆ ಬೂದಿ ಇಟ್ಟವರೂ ಬಾಯಿಗೆ ನೀರು ಹಾಕದವರೂ ಒಟ್ಟಿಗೆ ಕೂತು ಹೋಗುವಂಥ ವಾರ ಅದು. ಮುಸ್ಲಿಮರಲ್ಲಿ ಒಂದು ನಿಯಮ ಉಂಟು. ಫಿತ್ರ್ ಝಕಾತ್ ಈದ್ ನಮಾಜಿಗೆ ಮೊದಲೇ ಬಡವರ ಕೈ ಸೇರಬೇಕು. ಹಬ್ಬ ಆಮೇಲೆ. ಕೆಥೋಲಿಕರಿಗೆ ತಪಸ್ಸು ಕಾಲದಲ್ಲಿ ಪ್ರಾರ್ಥನೆ, ಉಪವಾಸ, ದಾನ ಮೂರೂ ಬೇಕು ಎಂದಿದೆ. ಆದರೆ ದಾನಕ್ಕೆ ಇಷ್ಟೇ ಎಂಬ ಮೊತ್ತವಿಲ್ಲ, ಇಂಥ ದಿನದೊಳಗೆ ಎಂಬ ವಾಯಿದೆ ಇಲ್ಲ. ಮನಸ್ಸಾಕ್ಷಿಗೆ ಬಿಟ್ಟದ್ದು. ವಾಯಿದೆ ಇಲ್ಲದ ಸಾಲ ಹೇಗೆ ವಸೂಲಾಗುತ್ತದೆ ಎಂಬುದು ವ್ಯಾಪಾರಸ್ಥರಿಗೆ ಗೊತ್ತೇ ಉಂಟು.

ಹಾಗಂತ ಎಲ್ಲವೂ ಕೆಟ್ಟಿದೆ ಎಂದೇನಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಿ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೊವಾಕಿಂ ಮಿರಾಂದಾ 1763ರಲ್ಲಿ ಶುರು ಮಾಡಿದ್ದು ಎಂಬುದು ನಡೆದು ಬಂದ ಮಾತು. ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೊಂದು. ಆ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿ ಒಟ್ಟಿಗೆ ಕೂತು ಕುಡಿದರೆ ಅದೇ ‘ನೊವೆಂ’. ಎಲೆ ತುಂಬ ತರಕಾರಿ, ಮೀನು ಮಾಂಸ ಇಲ್ಲ. ತುಳುವರ ಹೊಸಕ್ಕಿ ಊಟಕ್ಕೂ ಇದಕ್ಕೂ ನೆಂಟಸ್ತಿಕೆ ಉಂಟು. ಅದಕ್ಕೇ ಊರವರು ಇದನ್ನು ಕುರಲ್ ಪರ್ಬ, ತೆನೆ ಹಬ್ಬ ಎಂದು ತಮ್ಮದೇ ಹೆಸರಿಟ್ಟು ಕರೆದರು.

ಈಗ ಎಷ್ಟೋ ವಾಡೆಗಳಲ್ಲಿ ಗದ್ದೆ ಹೋಗಿ ಸೈಟು ಆಗಿದೆ, ತೆನೆ ಬೇರೆ ಊರಿನಿಂದ ಬರಬೇಕು. ಮಕ್ಕಳು ಗಲ್ಫಿನಲ್ಲಿ, ಕೆನಡಾದಲ್ಲಿ. ಅವರಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸಿಕೊಟ್ಟು, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು ನೊವೆಂ ಕುಡಿಯುತ್ತಾರೆ. ಒಟ್ಟಿಗೆ ಕೂರುವುದೇ ಹಬ್ಬದ ಜೀವ ಆದ ಮೇಲೆ, ಪಕ್ಕದ ಮನೆಯ ಒಂಟಿ ಬಾಯಮ್ಮನನ್ನು ಎಲೆಗೆ ಕರೆಯದೆ ಬಾಗಿಲು ಹಾಕಿಕೊಂಡರೆ ತೆನೆ ತಂದು ಏನು ಪ್ರಯೋಜನ?

ಕ್ರಿಸ್ಮಸ್ಸಿನ ಕುಸ್ವಾರಿನ ಕತೆಯೂ ಹಾಗೇ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್ ತಟ್ಟೆಗೆ ಹಾಕಿ, ಬಟ್ಟೆ ಮುಚ್ಚಿ, ಭಟ್ಟರ ಮನೆಗೂ ಬ್ಯಾರಿಗಳ ಮನೆಗೂ ಕೊಟ್ಟು ಬರುವ ಪದ್ಧತಿ ಇನ್ನೂ ಸತ್ತಿಲ್ಲ. ಈಗ ಕುಸ್ವಾರು ಕಿಲೋ ಲೆಕ್ಕದಲ್ಲಿ ಪೇಟೆಯಲ್ಲೇ ಸಿಗುತ್ತದೆ ಎಂದು ಹಳಬರು ಮೂಗು ಮುರಿಯುತ್ತಾರೆ. ಮೂಗು ಮುರಿಯುವುದು ಬೇಡ. ಅದನ್ನು ಮಾಡಿ ಮಾರುವ ಹೆಂಗಸರಿಗೆ ನಾಲ್ಕು ಕಾಸು ಆಗುತ್ತದೆ, ಬಾಣಲೆಯ ಮುಂದೆ ಬೇಯುತ್ತಿದ್ದ ಮನೆಯ ಹೆಂಗಸರಿಗೆ ತುಸು ಉಸಿರು ಬರುತ್ತದೆ. ಕೊಂಡದ್ದಾದರೂ ತಟ್ಟೆ ಹೊಸ್ತಿಲು ದಾಟಿದರೆ ಸರಿ.

ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಬಸ್ಸು ತುಂಬಿ ಹೋಗುವ ಜನರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಅಲ್ಲಿಯ ಸಂತ ಲಾರೆನ್ಸ್ 258ರಲ್ಲಿ ರೋಮಿನಲ್ಲಿ ಪ್ರಾಣ ಕೊಟ್ಟ ಸೇವಕ. ಇಗರ್ಜಿಯ ಸಂಪತ್ತು ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ, ಊರ ಬಡವರು, ಕುಂಟರು, ಕುರುಡರನ್ನೆಲ್ಲ ಕರೆತಂದು ಇವರೇ ಸಂಪತ್ತು ಎಂದು ತೋರಿಸಿದ ಎಂಬುದು ಅವನ ಕತೆ. ಆ ಸಂತನಿಗೆ ಮೇಣದ ಬತ್ತಿ ಹಚ್ಚಿ, ಹೊರಗೆ ಬಂದು ಬಳೆಯಂಗಡಿಯ ಅಜ್ಜಿಯ ಜೊತೆ ಐದು ರೂಪಾಯಿಗೆ ಚೌಕಾಸಿ ಮಾಡುವವರಿಗೆ ಕತೆ ಅರ್ಧವೇ ಗೊತ್ತು.

ಸದ್ದಿಲ್ಲದೆ ನಡೆಸಿಕೊಂಡು ಬಂದವರೂ ಇದ್ದಾರೆ. ಪ್ಯಾರಿಸಿನಲ್ಲಿ 1833ರಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಘಟಕಗಳು ಇಲ್ಲಿಯ ಇಗರ್ಜಿಗಳಲ್ಲೂ ಉಂಟು. ಅದರ ಸದಸ್ಯರು ಬಡವರ ಮನೆಗೆ ತಾವೇ ಹೋಗಿ ಬರುತ್ತಾರೆ, ಫೋಟೋ ಹಿಡಿಸಿಕೊಳ್ಳುವುದಿಲ್ಲ. ಹಸಿರು ವಾರಗಳ ಧರ್ಮ ಅಂದರೆ ಇಂಥದ್ದು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆ ಬೇಡ. ಬೂದಿ ಬುಧವಾರದ ಮುಂಚಿನ ಮಂಗಳವಾರ ಬಾಕಿ ತೀರಿಸುವ ದಿನ ಎಂದು ಮನೆಮನೆಯವರೇ ಇಟ್ಟುಕೊಳ್ಳಲಿ. ಕಿರಾಣಿಯವನದ್ದು, ಹಾಲಿನವನದ್ದು, ಕೆಲಸದವಳದ್ದು, ಇಸ್ತ್ರಿಯವನದ್ದು. ಆಮೇಲೆ ಹಣೆ ಒಡ್ಡಲಿ. ಕಳೆದ ವರ್ಷದ ಗರಿ ಸುಟ್ಟು ಮಾಡಿದ ಆ ಬೂದಿ ಸಂಜೆ ಮುಖ ತೊಳೆದರೆ ಹೋಗುತ್ತದೆ. ಉದ್ರಿ ಪುಸ್ತಕದಲ್ಲಿ ಬರೆದದ್ದು ತೊಳೆದರೆ ಹೋಗುವುದಿಲ್ಲ, ಕೊಟ್ಟರೇ ಹೋಗುವುದು.