ಗೋಡೆಯನ್ನು ಒಪ್ಪಿಸಿಕೊಂಡವರು

ಬೆಂಗಳೂರಿನ ಸುತ್ತಲಿನ ಕಪ್ಪು ಗ್ರಾನೈಟ್ ಅಮೆರಿಕದ ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕದ ಗೋಡೆಯಾಗಿ ನಿಂತಿದೆ. ಇಲ್ಲಿಂದ ಹೋದ ಕಲ್ಲನ್ನು ವರ್ಮಾಂಟ್‌ನಲ್ಲಿ ಕೊಯ್ದು, ಮೆಂಫಿಸ್‌ನಲ್ಲಿ ಅದರ ಮೇಲೆ ಮಡಿದ, ನಾಪತ್ತೆಯಾದ ಸೈನಿಕರ ಹೆಸರು ಮೂಡಿಸಿದರು. ವಿನ್ಯಾಸ ಮಾಯಾ ಲಿನ್ ಅವರದು. ಸ್ಪರ್ಧೆಗೆ ಬಂದ 1,421 ವಿನ್ಯಾಸಗಳಲ್ಲಿ ತಮ್ಮದು ಆಯ್ಕೆಯಾದಾಗ ಅವರಿಗಿನ್ನೂ 21 ವರ್ಷ.

ಸರ್ಕಾರ ಕೊಟ್ಟದ್ದು ಜಾಗ. ಕಟ್ಟಲು ಬೇಕಾದ ಹಣವನ್ನು, ಯುದ್ಧದಿಂದ ಮರಳಿದ ಜ್ಯಾನ್ ಸ್ಕ್ರಗ್ಸ್ ಮತ್ತು ಸಂಗಡಿಗರ ಸ್ಮಾರಕ ನಿಧಿ ಜನರಿಂದಲೇ ಕೂಡಿಸಿತು. 1982ರಲ್ಲಿ ಲೋಕಾರ್ಪಣೆಯಾದ ಗೋಡೆಯನ್ನು 1984ರ ನವೆಂಬರ್ 11ರಂದು, ಮಾಜಿ ಸೈನಿಕರ ದಿನ, ಸರ್ಕಾರಕ್ಕೆ ದಾನವಾಗಿ ಒಪ್ಪಿಸಲಾಯಿತು. ಅಧ್ಯಕ್ಷ ರೇಗನ್ ಸ್ವೀಕರಿಸಿದರು. ಉಸ್ತುವಾರಿ ರಾಷ್ಟ್ರೀಯ ಉದ್ಯಾನ ಸೇವೆಯದು.

ದಾನ ಪಡೆಯುವ ದಿನ ಯಾವ ಸರ್ಕಾರವೂ ಉದಾರವಾಗಿ ಮಾತಾಡುತ್ತದೆ. ಮಾಜಿ ಸೈನಿಕನಿಗೆ ಅದರಿಂದ ಏನು ಸಿಕ್ಕಿತು ಎಂದು ತಿಳಿಯಬೇಕಾದರೆ ಆಮೇಲಿನ ವರ್ಷಗಳನ್ನು ನೋಡಬೇಕು. ಗೋಡೆಯಲ್ಲಿ 58,000ಕ್ಕೂ ಹೆಚ್ಚು ಹೆಸರುಗಳಿವೆ. ಅವು ಅಕಾರಾದಿಯಲ್ಲಿಲ್ಲ, ಬಲಿಯಾದ ದಿನಾಂಕದ ಕ್ರಮದಲ್ಲಿವೆ. ಹಾಗಾಗಿ ಬದುಕುಳಿದವನಿಗೆ ಅಂದು ಜೊತೆಯಲ್ಲಿ ಸತ್ತ ಗೆಳೆಯರು ಒಂದೇ ಕಡೆ ಸಿಗುತ್ತಾರೆ. ಹೆಸರಿನ ಪಕ್ಕ ಪುಟ್ಟ ವಜ್ರಾಕೃತಿಯಿದ್ದರೆ ಸಾವು ಖಚಿತ, ಶಿಲುಬೆಯಿದ್ದರೆ ನಾಪತ್ತೆ. ನಾಪತ್ತೆಯಾದವನ ಅವಶೇಷ ಸಿಕ್ಕಿ ಗುರುತು ಹತ್ತಿದರೆ ಶಿಲುಬೆಯ ಮೇಲೆಯೇ ವಜ್ರ ಕೆತ್ತುತ್ತಾರೆ. ಜೀವಂತ ಬಂದರೆ ಸುತ್ತ ಒಂದು ವೃತ್ತ ಕೆತ್ತಬೇಕು. ಆ ವೃತ್ತವನ್ನು ಇನ್ನೂ ಯಾರಿಗೂ ಕೆತ್ತಿಲ್ಲ.

ಯುದ್ಧದ ಗಾಯದಿಂದ ಎಷ್ಟೋ ವರ್ಷದ ಮೇಲೆ ತೀರಿಕೊಂಡವರ ಹೆಸರೂ ಸೇರುತ್ತದೆ. ಅರ್ಹರು ಯಾರೆಂದು ತೀರ್ಮಾನಿಸುವುದು ರಕ್ಷಣಾ ಇಲಾಖೆ, ಗೋಡೆ ಕಾಯುವುದು ಉದ್ಯಾನ ಸೇವೆ, ಕೆತ್ತಿಸುವ ಖರ್ಚು ನಿಧಿಯದು. ಮೂರು ಕೈಗಳ ನಡುವೆ ಕೆಲಸ ಹಂಚಿಹೋಗಿದ್ದರೂ ಯಾರದು ಏನು ಎಂಬುದರಲ್ಲಿ ಗೊಂದಲವಿಲ್ಲ. ಸೈನಿಕರಿಗಾಗಿ ಕೊಟ್ಟ ಕಲಾಕೃತಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಯಾವ ಕೆಲಸ ಯಾರದು ಎಂಬುದನ್ನು ಹಸ್ತಾಂತರ ಪತ್ರದಲ್ಲಿ ಹೀಗೆಯೇ ಬರೆದಿರಬೇಕು ಎಂಬುದು ನಮ್ಮ ಆಗ್ರಹ. ಕೃತಿಯ ಬೆಲೆ, ಅಳತೆ, ದಾಸ್ತಾನು ಸಂಖ್ಯೆ ಹೇಗೂ ಇರುತ್ತವೆ.

ಎಲ್ಲವನ್ನೂ ಪತ್ರದಲ್ಲಿ ಬರೆಯಲಾಗುವುದಿಲ್ಲ ಎಂಬುದಕ್ಕೂ ಇದೇ ಗೋಡೆ ಸಾಕ್ಷಿ. ಜನ ಅದರ ಬುಡದಲ್ಲಿ ಬೂಟು, ಪದಕ, ಕಾಗದ, ಫೋಟೊ ಇಟ್ಟುಹೋಗತೊಡಗಿದರು. ಯೋಜನೆಯಲ್ಲಿ ಅದರ ಮಾತೇ ಇರಲಿಲ್ಲ. ಉದ್ಯಾನದ ಸಿಬ್ಬಂದಿ ಕಸವೆಂದು ಗುಡಿಸಿಹಾಕದೆ ಎತ್ತಿಟ್ಟರು. ಹೂವು, ಗಿಡ ಬಿಟ್ಟು ಇಂಥ ವಸ್ತುಗಳು ಈಗ ನಾಲ್ಕು ಲಕ್ಷ ದಾಟಿವೆ. ಮೇರಿಲ್ಯಾಂಡ್‌ನ ಸಂಗ್ರಹಾಲಯದಲ್ಲಿ ಅವನ್ನು ಕಾಪಾಡುತ್ತಿದ್ದಾರೆ. ಮೊದಲ ಬೂಟನ್ನು ಎತ್ತಿಟ್ಟ ನೌಕರನಿಗೆ ಹಾಗೆ ಮಾಡೆಂದು ಯಾವ ಆದೇಶವೂ ಹೇಳಿರಲಿಲ್ಲ.